ಅಪ್ಪ ಕೇಳಿದ ಪ್ರಶ್ನೆ, ಆಫ್ರಿಕಾದ ಉತ್ತರ

ಕಳೆದ ಸಂಚಿಕೆಯಲ್ಲಿ ಮಾತಿಗೆ ಮಾತು ಬಂದು ಒಂದು ಸಾಲು ಬರೆದಿದ್ದೆ. ನನಗೆ ಮತ್ತೆ ಇಪ್ಪತ್ತು ವರ್ಷ ಆದರೆ ಆಫ್ರಿಕಾದ ತತ್ವಶಾಸ್ತ್ರ ಓದುತ್ತೇನೆ ಅಂತ. ಅಷ್ಟಕ್ಕೇ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಅರ್ಧ ಪತ್ರ ನಗುವುದಕ್ಕೆ ಬಂದಿವೆ, ಇನ್ನರ್ಧ ನಿಜವಾಗಿ ಕೇಳುವುದಕ್ಕೆ. ಎರಡನ್ನೂ ಇಲ್ಲಿ ತೆಗೆದುಕೊಂಡಿದ್ದೇನೆ. ಹೆಸರು ಹಾಕಿಲ್ಲ, ಊರು ಮಾತ್ರ.

ಸರ್, ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೇನೆ. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ ನೀವು ಹೇಳಿದ ವಿಷಯ ಓದಬೇಕು ಅಂತ ಆಸೆ. ಅಪ್ಪನಿಗೆ ಹೇಳಿದರೆ "ಆಫ್ರಿಕಾದಾಗ ಎಲ್ಲೀ ತತ್ವಶಾಸ್ತ್ರವಾ, ಸುಮ್ನ ಬಿ.ಎಡ್. ಮಾಡು" ಅಂದರು. ಇಂಥದ್ದನ್ನು ಓದಿದವರ ಜೀವನ ಹೇಗೆ ಸಾಗುತ್ತದೆ? ಒಬ್ಬರದ್ದಾದರೂ ಪೂರ್ತಿ ಹೇಳಿ.
ಸಿಂದಗಿ

ತಂಗಿ, ಅಪ್ಪನ ಮೇಲೆ ಸಿಟ್ಟಾಗಬೇಡ. ಅವರು ಕೇಳಿದ ಪ್ರಶ್ನೆಯನ್ನೇ ಯುರೋಪಿನ ದೊಡ್ಡ ದೊಡ್ಡ ಪ್ರೊಫೆಸರ್‌ಗಳೂ ಕೇಳಿದ್ದಾರೆ, ಅದಕ್ಕೆ ಉತ್ತರ ಹುಡುಕುತ್ತಲೇ ಕೆಲವರ ಇಡೀ ಸರ್ವಿಸ್ ಮುಗಿದಿದೆ. ಒಬ್ಬರದ್ದು ಹೇಳಿ ಅಂದಿದ್ದೀಯ. ನಾನು ಆರಿಸುವುದು ಕೀನ್ಯಾದ ಹೆನ್ರಿ ಒಡೆರಾ ಒರುಕಾ ಅವರನ್ನು.

ಹುಟ್ಟಿದ್ದು 1944ರಲ್ಲಿ, ಪಶ್ಚಿಮ ಕೀನ್ಯಾದ ಲುವೋ ಜನರಲ್ಲಿ. ವಿಜ್ಞಾನ ಓದಲು ಸ್ವೀಡನ್‌ನ ಉಪ್ಸಾಲಕ್ಕೆ ಹೋದರು. ಅಲ್ಲಿ ತತ್ವಶಾಸ್ತ್ರದ ಕ್ಲಾಸಿಗೆ ಹೊಕ್ಕವರು ಮತ್ತೆ ವಿಜ್ಞಾನದ ಕಡೆ ತಿರುಗಲಿಲ್ಲ. (ಅವರ ಅಪ್ಪ ಏನಂದರೋ. ಆ ಅಪ್ಪನ ಮಾತು ಮುಂದೆ ಬರುತ್ತದೆ.) ಆಮೇಲೆ ಅಮೆರಿಕದ ಡೆಟ್ರಾಯಿಟ್‌ನಲ್ಲಿರುವ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯ. 1970ರಲ್ಲಿ ನೈರೋಬಿ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾದರು. ದೇಶಕ್ಕೆ ಸ್ವಾತಂತ್ರ್ಯ ಬಂದು ಆಗ ಏಳು ವರ್ಷ.

ಆ ಹೊತ್ತಿಗೆ ಈ ವಿಷಯದಲ್ಲಿ ಜಗಳ ಜೋರಾಗಿತ್ತು. ಜರ್ಮನಿಯ ತತ್ವಜ್ಞಾನಿ ಹೆಗೆಲ್ ಎಂದೋ ಆಫ್ರಿಕಾವನ್ನು ಇತಿಹಾಸದಿಂದಲೇ ಹೊರಗಿಟ್ಟಿದ್ದ. ಅದಕ್ಕೆ ಎದುರಾಗಿ ಅನ್ನುವಂತೆ 1945ರಲ್ಲಿ ಪ್ಲಸೀಡ್ ಟೆಂಪಲ್ಸ್ ಎಂಬ ಬೆಲ್ಜಿಯಂ ಪಾದ್ರಿ ಕಾಂಗೋದಲ್ಲಿ ಕೂತು 'ಬಾಂಟು ತತ್ವಶಾಸ್ತ್ರ' ಎಂಬ ಪುಸ್ತಕ ಬರೆದರು. ಬಾಂಟು ಭಾಷೆಗಳನ್ನಾಡುವ ಈ ಜನಕ್ಕೂ ತತ್ವಶಾಸ್ತ್ರ ಇದೆ, ಎಲ್ಲದರಲ್ಲೂ ಒಂದು ಜೀವಶಕ್ತಿ ಇದೆ ಅಂತ ಅವರು ನಂಬುತ್ತಾರೆ, ಆದರೆ ಅದನ್ನು ಹೇಳಲು ಅವರಿಗೆ ಬರೋದಿಲ್ಲ, ನಾವು ಹೇಳಿಕೊಡಬೇಕು ಅಂತ ಅವರ ಮಾತು. ಹೊಗಳಿಕೆಯ ಒಳಗೇ ಒಂದು ಚುಚ್ಚು ಇದೆ, ನೋಡು. ಬೆನಿನ್ ದೇಶದ ಪೌಲಿನ್ ಹೌಂಟೊಂಜಿ ಇದನ್ನು ಚೆನ್ನಾಗಿ ಝಾಡಿಸಿದರು. ಇಡೀ ಕುಲಕ್ಕೆ ಸೇರಿ ಒಂದೇ ತತ್ವಶಾಸ್ತ್ರ ಇರೋದು ಅಂದರೇನು? ಊರಿನವರೆಲ್ಲ ಒಂದೇ ಮಾತು ಒಪ್ಪಿಕೊಂಡು ಕೂತಿದ್ದಾರಾ? ಯೋಚಿಸುವವರು ಒಬ್ಬೊಬ್ಬರೇ ಮನುಷ್ಯರು, ಕುಲ ಯೋಚಿಸುವುದಿಲ್ಲ ಅಂತ ಅವರ ವಾದ.

ಒರುಕಾ ಇದನ್ನು ಒಪ್ಪಿದರು, ಆದರೆ ಲೈಬ್ರರಿಯಲ್ಲಿ ಕೂರಲಿಲ್ಲ. ಒಬ್ಬೊಬ್ಬರೇ ಯೋಚಿಸುತ್ತಾರೆ ಅನ್ನುವುದಾದರೆ ಹಳ್ಳಿಯಲ್ಲೂ ಅಂಥವರು ಇರಬೇಕಲ್ವಾ, ಹೋಗಿ ಹುಡುಕೋಣ ಅಂದರು. 1974ರಲ್ಲಿ ಕೆಲಸ ಶುರುವಾಯಿತು. ಟೇಪ್ ರೆಕಾರ್ಡರ್ ಹಿಡಿದು ಹಿರಿಯರ ಹತ್ತಿರ ಹೋಗಿ, ಅವರದೇ ಭಾಷೆಯಲ್ಲಿ ದೇವರು, ಸಾವು, ನ್ಯಾಯ, ಗಂಡು ಹೆಣ್ಣು ಸಮವಾ ಅಂತ ಕೇಳುವುದು. ಅವರು ಹೇಳಿದ್ದಕ್ಕೆ ಎದುರು ಪ್ರಶ್ನೆ ಹಾಕುವುದು. ಇಲ್ಲೇ ಒರುಕಾ ಅವರ ದೊಡ್ಡ ಗುಟ್ಟು ಇರುವುದು. ಅವರು ಹಿರಿಯರಲ್ಲಿ ಎರಡು ಥರ ಮಾಡಿದರು. ಒಬ್ಬರು ಊರಿನ ಜ್ಞಾನವನ್ನೆಲ್ಲ ಬಾಯಲ್ಲಿ ಇಟ್ಟುಕೊಂಡವರು, ಇನ್ನೊಬ್ಬರು ಆ ಜ್ಞಾನವನ್ನೇ ತಡೆದು ನಿಲ್ಲಿಸಿ ವಿಚಾರಿಸುವವರು.

ನಮ್ಮ ಕಡೆಯ ಉದಾಹರಣೆ ಕೊಡುತ್ತೇನೆ. ನಿಮ್ಮ ಊರಿನ ಅಜ್ಜನೊಬ್ಬ ಬೆಳಿಗ್ಗೆ "ಕೈ ಕೆಸರಾದರೆ ಬಾಯಿ ಮೊಸರು" ಅನ್ನುತ್ತಾನೆ. ಸಂಜೆ ಬೆಳೆ ಹೋದ ಸುದ್ದಿ ಕೇಳಿ "ಹಣೆಬರಹಕ್ಕೆ ಹೊಣೆ ಯಾರು" ಅನ್ನುತ್ತಾನೆ. ಎರಡೂ ಗಾದೆ, ಎರಡೂ ವೇದಕ್ಕೆ ಸಮ, ಎಲ್ಲರೂ ತಲೆದೂಗುತ್ತಾರೆ. ಈತ ಮೊದಲನೇ ಥರದವನು, ಬೇಕಾದವನೇ. ಆದರೆ ಪಕ್ಕದಲ್ಲಿ ಕೂತ ಇನ್ನೊಬ್ಬ "ಅಲ್ಲೋ, ಎಲ್ಲಾ ಹಣೆಬರಹ ಅಂದ್ರ ಕೆಸರಿನಾಗ ಕೈ ಯಾಕ ಹಾಕಬೇಕು?" ಅಂತ ಕೇಳಿದರೆ ಅವನು ಎರಡನೆಯವನು. ಒರುಕಾ ಹುಡುಕುತ್ತಿದ್ದದ್ದು ಇವನನ್ನು. ಅವರ ಟೇಪಿನಲ್ಲಿ ಒಬ್ಬ ಹಿರಿಯರು ದೇವರನ್ನು ಒಬ್ಬ ವ್ಯಕ್ತಿ ಅಂದುಕೊಳ್ಳುವುದೇ ತಪ್ಪು, ಅದು ಒಳ್ಳೆಯತನ ಅನ್ನುವ ಒಂದು ಕಲ್ಪನೆ ಅಂತ ಹೇಳಿಬಿಡುತ್ತಾರೆ. ಕುಲದ ನಂಬಿಕೆ ಹಾಗಿರಲಿಲ್ಲ. ಅದು ಅವರ ಸ್ವಂತ ತಲೆ.

ಹಾಗೆ ಮಾತಾಡಿಸಿದ ಹಿರಿಯರಲ್ಲಿ ಒರುಕಾ ಅವರ ಸ್ವಂತ ತಂದೆಯೂ ಒಬ್ಬರು. ಅಪ್ಪನನ್ನೇ ಪುಸ್ತಕದಲ್ಲಿ ತತ್ವಜ್ಞಾನಿ ಅಂತ ಕೂರಿಸುವುದು ಸರಿಯಾ ಅಂತ ನನಗೂ ಸ್ವಲ್ಪ ಕಸಿವಿಸಿ ಆಗಿತ್ತು. ಆಮೇಲೆ ಅನ್ನಿಸಿತು, ಅಪ್ಪನ ಮಾತನ್ನು ಅಷ್ಟು ಹೊತ್ತು ಗಮನಕೊಟ್ಟು ಕೇಳುವ ಮಗ ನಮ್ಮಲ್ಲಿ ಎಷ್ಟು ಜನ ಇದ್ದಾರೆ.

ಟೀಕೆ ಬಂತು. ಬರಲೇಬೇಕು. ನೈಜೀರಿಯಾದ ಪೀಟರ್ ಬೋಡುನ್ರಿನ್ ಅವರ ತಕರಾರು ಸ್ಥೂಲವಾಗಿ ಇಷ್ಟು: ಪ್ರಶ್ನೆ ಕೇಳಿದ್ದು ಓದಿದ ಮೇಷ್ಟ್ರು, ಉತ್ತರ ಹುಟ್ಟಿದ್ದು ಆ ಪ್ರಶ್ನೆಯಿಂದ, ಹಾಗಾದರೆ ತತ್ವಶಾಸ್ತ್ರ ಯಾರದ್ದು? ಇದು ಹಗುರವಾದ ಪ್ರಶ್ನೆ ಅಲ್ಲ. ಎಂ.ಎ. ಮಾಡಿದರೆ ನೀನೂ ಇದಕ್ಕೆ ತಲೆ ಕೆಡಿಸಿಕೊಳ್ಳುತ್ತೀಯ.

1987ರಲ್ಲಿ ಇನ್ನೊಂದು ನಡೆಯಿತು. ಎಸ್.ಎಂ. ಒಟಿಯೆನೋ ಎಂಬ ನೈರೋಬಿಯ ಹೆಸರಾಂತ ವಕೀಲರು 1986ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವರು ಲುವೋ, ಹೆಂಡತಿ ಕಿಕುಯು ಎಂಬ ಬೇರೆ ಕುಲದವರು. ಹೆಂಡತಿ ನೈರೋಬಿ ಹತ್ತಿರ ಮಣ್ಣು ಮಾಡುತ್ತೇನೆ ಅಂದರು, ಕುಲದವರು ಹುಟ್ಟಿದ ನೆಲಕ್ಕೇ ಬರಬೇಕು ಅಂದರು. ಕೇಸು ಕೋರ್ಟಿಗೆ ಹೋಯಿತು, ಹೆಣ ಐದು ತಿಂಗಳು ಕಾಯಿತು. ಆ ಕೇಸಿನಲ್ಲಿ ಲುವೋ ಸಂಪ್ರದಾಯದ ಬಗ್ಗೆ ಸಾಕ್ಷಿ ಹೇಳಲು ಕಟಕಟೆ ಹತ್ತಿದವರಲ್ಲಿ ನಮ್ಮ ಒರುಕಾ ಒಬ್ಬರು. ಕೊನೆಗೆ ಗೆದ್ದದ್ದು ಕುಲ. ನನಗೆ ಆ ತೀರ್ಪು ಅಷ್ಟು ಇಷ್ಟವಿಲ್ಲ, ಹೆಂಡತಿಯ ಮಾತಿಗೆ ಬೆಲೆ ಸಿಗಲಿಲ್ಲ ಅನ್ನಿಸುತ್ತದೆ. ಆದರೆ ತತ್ವಶಾಸ್ತ್ರದ ಮೇಷ್ಟ್ರನ್ನು ಕೋರ್ಟು ಕರೆದು ಕೇಳಿದ ಉದಾಹರಣೆ ನಮ್ಮಲ್ಲಿ ನಾನು ನೋಡಿಲ್ಲ.

ಇದರ ಜೊತೆಗೆ ಶಿಕ್ಷೆಯ ಬಗ್ಗೆ ಬರೆದರು, ಶ್ರೀಮಂತ ದೇಶಗಳು ಕೊಡುವ ನೆರವು ದಾನವಾ ಬಡವರ ಹಕ್ಕಾ ಅಂತ ಬರೆದರು, 1991ರಲ್ಲಿ ನೈರೋಬಿಯಲ್ಲಿ ತತ್ವಶಾಸ್ತ್ರದ ವಿಶ್ವ ಸಮ್ಮೇಳನ ಮಾಡಿಸಿದರು. 1974ರಲ್ಲಿ ಶುರು ಮಾಡಿದ ಹಿರಿಯರ ಮಾತು 'ಸೇಜ್ ಫಿಲಾಸಫಿ' (ಜ್ಞಾನಿಗಳ ತತ್ವಶಾಸ್ತ್ರ) ಎಂಬ ಪುಸ್ತಕವಾಗಿ ಬಂದದ್ದು 1990ರಲ್ಲಿ. ಹದಿನಾರು ವರ್ಷ. 1995ರ ಡಿಸೆಂಬರ್‌ನಲ್ಲಿ ನೈರೋಬಿಯ ರಸ್ತೆ ಅಪಘಾತದಲ್ಲಿ ಹೋಗಿಬಿಟ್ಟರು. 51 ವರ್ಷ.

ಬಿ.ಎಡ್. ಮಾಡು, ತಪ್ಪೇನಿಲ್ಲ. ಅಪ್ಪನಿಗೂ ಸಮಾಧಾನ. ಎಂ.ಎ. ಅದರ ಆಮೇಲೂ ಆಗುತ್ತದೆ.

ಉಬುಂಟು ಅಂದರೆ ಕಂಪ್ಯೂಟರ್‌ನದ್ದಲ್ವಾ? ಅದನ್ನು ಆಫ್ರಿಕಾದ ತತ್ವಶಾಸ್ತ್ರ ಅಂತಾರಲ್ಲ.
ಬಾಗಲಕೋಟೆ

ಎರಡೂ ಹೌದು. 2004ರಲ್ಲಿ ಆ ಸಾಫ್ಟ್‌ವೇರ್ ಹೊರತಂದ ಮಾರ್ಕ್ ಶಟಲ್‌ವರ್ತ್ ದಕ್ಷಿಣ ಆಫ್ರಿಕಾದವರು, ಹೆಸರು ಅಲ್ಲಿಂದ ಬಂತು. ಮನುಷ್ಯ ಮನುಷ್ಯನಾಗುವುದು ಬೇರೆ ಮನುಷ್ಯರಿಂದ ಅನ್ನುವುದು ಉಬುಂಟು ಬಗ್ಗೆ ಅಲ್ಲಿನ ಜುಲು ಭಾಷೆಯಲ್ಲಿರುವ ಮಾತಿನ ತಿರುಳು. ಸುಮ್ನೆ ಗೋಡೆಗೆ ಬರೆಯುವ ಮಾತಲ್ಲ ಅದು. 1995ರಲ್ಲಿ ದಕ್ಷಿಣ ಆಫ್ರಿಕಾದ ಸಾಂವಿಧಾನಿಕ ನ್ಯಾಯಾಲಯ ಮರಣದಂಡನೆ ರದ್ದು ಮಾಡಿದಾಗ ನ್ಯಾಯಮೂರ್ತಿಗಳು ತೀರ್ಪಿನಲ್ಲಿ ಉಬುಂಟು ಎತ್ತಿದ್ದರು.

ಬರಹವೇ ಇಲ್ಲದ ಕಡೆ ತತ್ವಶಾಸ್ತ್ರ ಹೇಗೆ ಬರುತ್ತದೆ? ಕಥೆ, ಗಾದೆ, ಹಾಡು ಇರಬಹುದು. ಅದನ್ನೆಲ್ಲ ತತ್ವಶಾಸ್ತ್ರ ಅಂದರೆ ನಮ್ಮ ಬೀಸುವ ಕಲ್ಲಿನ ಹಾಡೂ ತತ್ವಶಾಸ್ತ್ರವೇ.
ಜಮಖಂಡಿ

ನಿವೃತ್ತ ಶಿಕ್ಷಕರು ಅಂತ ಬರೆದುಕೊಂಡಿದ್ದೀರಿ, ಅದಕ್ಕೇ ಮೊದಲು ಒಂದು ತಿದ್ದುಪಡಿ. ಬರಹ ಇರಲಿಲ್ಲ ಅನ್ನುವುದು ಸರಿಯಲ್ಲ. ಇಥಿಯೋಪಿಯಾದಲ್ಲಿ ಗೀಜ್ ಭಾಷೆಯ ಬರಹ ಬಹಳ ಹಳೆಯದು. ಮಾಲಿಯ ಟಿಂಬಕ್ಟುವಿನಲ್ಲಿ ಅರಬ್ಬಿ ಹಸ್ತಪ್ರತಿಗಳ ರಾಶಿಯೇ ಇದೆ. ಈಗಿನ ಘಾನಾದಲ್ಲಿ ಹುಟ್ಟಿ ಚಿಕ್ಕಂದಿನಲ್ಲೇ ಯುರೋಪಿಗೆ ಸಾಗಿಸಲ್ಪಟ್ಟ ಆಂಟನ್ ವಿಲ್ಹೆಲ್ಮ್ ಆಮೋ ಎಂಬಾತ ಹದಿನೆಂಟನೇ ಶತಮಾನದಲ್ಲಿ ಜರ್ಮನಿಯ ಹಾಲೆ, ವಿಟೆನ್‌ಬರ್ಗ್, ಯೇನಾ ವಿಶ್ವವಿದ್ಯಾಲಯಗಳಲ್ಲಿ ತತ್ವಶಾಸ್ತ್ರ ಕಲಿಸಿದ್ದಾನೆ. 1734ರಲ್ಲಿ ಮನಸ್ಸಿಗೂ ದೇಹಕ್ಕೂ ಇರುವ ಸಂಬಂಧದ ಬಗ್ಗೆ ಲ್ಯಾಟಿನ್‌ನಲ್ಲಿ ಪ್ರಬಂಧ ಬರೆದ. ಕೊನೆಗೆ ಹುಟ್ಟೂರಿನ ಕಡೆಗೇ ವಾಪಸ್ ಹೋದ. ಇಥಿಯೋಪಿಯಾದ ಜೆರಾ ಯಾಕೋಬ್ ಹೆಸರಿನಲ್ಲಿ 1667ರದ್ದು ಅನ್ನುವ ಒಂದು ಪುಸ್ತಕ ಇದೆ, ಆದರೆ ಅದನ್ನು ಆಮೇಲೆ ಒಬ್ಬ ಇಟಲಿಯ ಪಾದ್ರಿ ಬರೆದ ಅನ್ನುವವರೂ ಇದ್ದಾರೆ, ಆ ಜಗಳ ಇನ್ನೂ ಮುಗಿದಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಇದಕ್ಕೆ ನನಗಿಂತ ಚೆನ್ನಾಗಿ ಉತ್ತರ ಕೊಟ್ಟವರು ನೈಜೀರಿಯಾದ ಸೋಫಿ ಒಲುವೊಲೆ. 1935ರಲ್ಲಿ ಹುಟ್ಟಿದವರು, ಆ ದೇಶದಲ್ಲಿ ತತ್ವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಮೊದಲ ಹೆಂಗಸು. ಲಾಗೋಸ್ ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಿದ್ದರು. ಅವರ ಮಾತು ಸರಳ: ಸಾಕ್ರಟೀಸ್ ಏನು ಬರೆದಿದ್ದಾನೆ, ತೋರಿಸಿ. ಒಂದು ಸಾಲೂ ಇಲ್ಲ. ಶಿಷ್ಯರು ಬರೆದದ್ದು. ಹಾಗಾದರೆ ಯೊರೂಬಾ ಜನರ ಒರುನ್‌ಮಿಲಾ ಯಾಕೆ ಬೇಡ? ಒರುನ್‌ಮಿಲಾ ಅಂದರೆ ಇಫಾ ಎಂಬ ಶಾಸ್ತ್ರ ಕೇಳುವ ಪದ್ಧತಿಯ ಮೂಲ ಪುರುಷ. ಇಫಾದಲ್ಲಿ 256 ಭಾಗ, ಒಂದೊಂದರಲ್ಲೂ ಬಾಯಿಪಾಠದ ಪದ್ಯಗಳು ರಾಶಿ ರಾಶಿ. ಜನ ಅದನ್ನು ಭವಿಷ್ಯ ಹೇಳುವ ಮಂತ್ರ ಅಂದುಕೊಂಡರೆ ಒಲುವೊಲೆ ಅದರಲ್ಲಿ ವಾದ, ಎದುರುವಾದ ಎಲ್ಲಿದೆ ಅಂತ ಹುಡುಕಿದರು. ಸಾಕ್ರಟೀಸನನ್ನೂ ಒರುನ್‌ಮಿಲಾನನ್ನೂ ಅಕ್ಕಪಕ್ಕ ಇಟ್ಟು ಒಂದು ಪುಸ್ತಕವನ್ನೇ ಬರೆದರು. ತೀರಿಕೊಂಡದ್ದು 2018ರಲ್ಲಿ.

ಬೀಸುವ ಕಲ್ಲಿನ ಹಾಡು ತತ್ವಶಾಸ್ತ್ರವಾ? ಎಲ್ಲಾ ಅಲ್ಲ. ಅದರೊಳಗೆ ಒಬ್ಬ ಸೊಸೆ "ಯಾಕೆ ಹೀಗೆ" ಅಂತ ಕೇಳಿ, ಸಿಕ್ಕ ಉತ್ತರಕ್ಕೆ ಒಪ್ಪದೆ ಇನ್ನೊಂದು ಕೇಳಿದ್ದರೆ ನಾನು ಕಿವಿ ನಿಮಿರಿಸುತ್ತೇನೆ. ಹೌಂಟೊಂಜಿ ಬರಹ ಇಲ್ಲದೆ ವಿಮರ್ಶೆ ಬೆಳೆಯೋದಿಲ್ಲ ಅಂದರು. ಬಾಯಲ್ಲಿಟ್ಟುಕೊಂಡ ಮಾತನ್ನು ಉಳಿಸುವುದರಲ್ಲೇ ತಲೆ ಸವೆಯುತ್ತದೆ, ಪ್ರಶ್ನಿಸಲು ಪುರುಸೊತ್ತು ಇರೋದಿಲ್ಲ ಅಂತ. ಅವರು ಅರ್ಧ ಸರಿ. ಆದರೆ ನಮ್ಮ ಕಡೆ ಗೀಗೀ ಪದದಲ್ಲಿ ಹರದೇಶಿ ನಾಗೇಶಿ ಅಂತ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ರಾತ್ರಿಯಿಡೀ ವಾದ ಮಾಡುವುದನ್ನು ನೋಡಿದವರಿಗೆ ಪೂರ್ತಿ ಸರಿ ಅನ್ನಿಸುವುದು ಕಷ್ಟ.

ಮನೆಯಲ್ಲಿ ಮರಾಠಿ, ಗೆಳೆಯರ ಜೊತೆ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್. ಯಾವ ಭಾಷೆಯಲ್ಲಿ ಯೋಚಿಸಬೇಕು ಅಂತಲೇ ಗೊತ್ತಾಗೋದಿಲ್ಲ. ತತ್ವಶಾಸ್ತ್ರಕ್ಕೆ ಇಂಗ್ಲಿಷ್ ಸಾಕಲ್ವಾ?
ಬೆಳಗಾವಿ

ನಿಮ್ಮ ಹತ್ತಿರ ಮೂರು ತಕ್ಕಡಿ ಇವೆ, ಒಂದೇ ಸಾಕಾ ಅಂತ ಕೇಳುತ್ತಿದ್ದೀರಿ!

ಘಾನಾದ ಕ್ವಾಸಿ ವಿರೆಡು ಅವರ ಕಥೆ ಕೇಳಿ. 1931ರಲ್ಲಿ ಕುಮಾಸಿಯಲ್ಲಿ ಹುಟ್ಟಿದವರು. ಘಾನಾದಲ್ಲಿ ಡಿಗ್ರಿ ಮಾಡಿ ಆಕ್ಸ್‌ಫರ್ಡ್‌ಗೆ ಹೋದರು, ಅಲ್ಲಿಯ ತತ್ವಜ್ಞಾನಿ ಗಿಲ್ಬರ್ಟ್ ರೈಲ್ ಕೈಕೆಳಗೆ ಓದಿದರು. ಇಡೀ ಓದಿನಲ್ಲಿ ಆಫ್ರಿಕಾದ ತತ್ವಶಾಸ್ತ್ರ ಎಂಬ ಮಾತೇ ಬರಲಿಲ್ಲ. ಊರಿಗೆ ವಾಪಸ್ ಬಂದು ಘಾನಾ ವಿಶ್ವವಿದ್ಯಾಲಯದಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಕಲಿಸಿದರು, 1980ರಲ್ಲಿ ಮೊದಲ ದೊಡ್ಡ ಪುಸ್ತಕ ಬಂತು, 1987ರಿಂದ ಅಮೆರಿಕದ ಫ್ಲೋರಿಡಾದಲ್ಲಿ. 2022ರಲ್ಲಿ ತೀರಿಕೊಂಡರು. ಹೊರಗಿನಿಂದ ನೋಡಿದರೆ ಇಷ್ಟೇ, ಒಬ್ಬ ಶಿಸ್ತಿನ ಪ್ರೊಫೆಸರ್. ಒಳಗಿನ ಕೆಲಸ ಬೇರೆ. ಇಂಗ್ಲಿಷಿನಲ್ಲಿ ಕಲಿತ ಒಂದೊಂದು ದೊಡ್ಡ ಪ್ರಶ್ನೆಯನ್ನೂ ತಮ್ಮ ಅಕನ್ ಭಾಷೆಗೆ ಹಾಕಿ ನೋಡುವುದು. ಅಲ್ಲಿ ಹಾಕಿದ ಕೂಡಲೇ ಪ್ರಶ್ನೆಯೇ ಕರಗಿ ಹೋದರೆ, ಅದು ಮನುಷ್ಯರ ಪ್ರಶ್ನೆಯಾ ಅಥವಾ ಆ ಭಾಷೆಯ ವ್ಯಾಕರಣದ ಪ್ರಶ್ನೆಯಾ ಅಂತ ಅನುಮಾನ ಪಡಬೇಕು ಅನ್ನುತ್ತಿದ್ದರು.

ಫ್ರಾನ್ಸ್‌ನ ಡೆಕಾರ್ಟ್ "ನಾನು ಯೋಚಿಸುತ್ತೇನೆ, ಆದ್ದರಿಂದ ನಾನು ಇದ್ದೇನೆ" ಅಂದದ್ದು ಗೊತ್ತಲ್ವಾ. ವಿರೆಡು ಹೇಳುವುದು, ಅಕನ್‌ನಲ್ಲಿ 'ಇರುವುದು' ಅಂದರೆ ಎಲ್ಲೋ ಒಂದು ಕಡೆ ಇರುವುದು. ಆ ಭಾಷೆಯವರಿಗೆ ಈ ಮಾತು "ಯೋಚಿಸುತ್ತೇನೆ, ಆದ್ದರಿಂದ ಅಲ್ಲಿದ್ದೇನೆ" ಅಂತ ಕೇಳಿಸುತ್ತದೆ. ಎಲ್ಲಿ? ಜಾಗವೇ ಬೇಡದ ಬರೀ ಮನಸ್ಸು ಅನ್ನುವ ಡೆಕಾರ್ಟ್‌ನ ಆಸೆ ಅಲ್ಲೇ ಮುಗ್ಗರಿಸುತ್ತದೆ.

ಇದನ್ನು ಓದಿದ ದಿನ ನಾನು ಕನ್ನಡದಲ್ಲಿ ಹಾಕಿ ನೋಡಿದೆ. ಫೋನಿನಲ್ಲಿ "ಇದ್ದೇನೆ" ಅಂದರೆ ಆ ಕಡೆಯವರು ಮೊದಲು ಕೇಳುವುದು "ಎಲ್ಲಿದ್ದೀರಿ?" ಅಂತಲೇ. ಆದರೆ "ದೇವರಿದ್ದಾನೆ" ಅಂದಾಗ ಯಾರೂ ಎಲ್ಲಿ ಅಂತ ಕೇಳುವುದಿಲ್ಲವಲ್ಲ, ಹಾಗಾದರೆ ಕನ್ನಡ ಅಕನ್ ಥರ ಅಲ್ಲ ಅಂತ ಬರೆದಿಟ್ಟುಕೊಂಡೆ. ಎರಡು ದಿನ ಬಿಟ್ಟು ನೆನಪಾಯಿತು. ಒಬ್ಬ ಕೇಳಿದ್ದ. ಪ್ರಹ್ಲಾದನ ಅಪ್ಪ! ಮಗ ಇದ್ದಾನೆ ಅಂದ ಕೂಡಲೇ ಎಲ್ಲಿ ಅಂತ ಕೇಳಿ ಕಂಬಕ್ಕೆ ಒದ್ದ. ನೀವು ಇದನ್ನೇ ಮರಾಠಿಯ 'ಆಹೇ'ಗೂ ಹಾಕಿ ನೋಡಿ ನನಗೆ ಬರೆಯಿರಿ. ನನಗೆ ಆ ಭಾಷೆ ಬಸ್ ಸ್ಟ್ಯಾಂಡಿನಷ್ಟು ಮಾತ್ರ ಬರುತ್ತದೆ.

ಇನ್ನೊಂದು. ನೈಜೀರಿಯಾದ ಒಯೆರೊಂಕೆ ಒಯೆವುಮಿ 1997ರ ತಮ್ಮ ಪುಸ್ತಕದಲ್ಲಿ ತೋರಿಸುವುದು, ಯೊರೂಬಾದಲ್ಲಿ ಅಣ್ಣ ಅಕ್ಕ ಇಬ್ಬರಿಗೂ ಒಂದೇ ಪದ, ತಮ್ಮ ತಂಗಿ ಇಬ್ಬರಿಗೂ ಒಂದೇ ಪದ. ಗಂಡೋ ಹೆಣ್ಣೋ ಅನ್ನುವುದಕ್ಕಿಂತ ದೊಡ್ಡವರೋ ಚಿಕ್ಕವರೋ ಅನ್ನುವುದೇ ಮುಖ್ಯ. ಇಂಗ್ಲಿಷಿನಲ್ಲಿ ಉಲ್ಟಾ. ಕನ್ನಡದಲ್ಲಿ ಎರಡೂ ಬೇಕು. ಬರೀ ಇಂಗ್ಲಿಷಿನಲ್ಲಿ ಕೂತಿದ್ದರೆ ಇಂಥದ್ದು ಕಣ್ಣಿಗೇ ಬೀಳುವುದಿಲ್ಲ. ವಿರೆಡು ಬರೆದದ್ದು ಇಂಗ್ಲಿಷಿನಲ್ಲೇ, ಅದು ಬೇರೆ ಮಾತು.

ವೋಟು ಇಲ್ಲದೆ ಎಲ್ಲರೂ ಕೂತು ಒಮ್ಮತಕ್ಕೆ ಬರುವ ಪದ್ಧತಿ ಆಫ್ರಿಕಾದಲ್ಲಿತ್ತು ಅಂತ ಕೇಳಿದ್ದೇನೆ. ನಮ್ಮ ಪಂಚಾಯಿತಿಗೆ ಅದೇ ಸರಿ ಅನ್ನಿಸುತ್ತದೆ.
ಹುನಗುಂದ, ಗ್ರಾಮ ಪಂಚಾಯಿತಿ ಮಾಜಿ ಸದಸ್ಯರು

ಇದೂ ವಿರೆಡು ಅವರ ವಾದವೇ. ಘಾನಾದ ಅಶಾಂಟಿ ಜನರಲ್ಲಿ ಹಿರಿಯರು ಎಲ್ಲರೂ ಒಪ್ಪುವ ತನಕ ಮಾತಾಡುತ್ತಿದ್ದರು, ಬಹುಮತದಿಂದ ಇನ್ನೊಬ್ಬರ ಬಾಯಿ ಮುಚ್ಚಿಸುತ್ತಿರಲಿಲ್ಲ, ಪಾರ್ಟಿಗಳೇ ಇಲ್ಲದ ಪ್ರಜಾಪ್ರಭುತ್ವ ಯಾಕಾಗಬಾರದು ಅಂದರು. ಅದಕ್ಕೆ ಅವರು ತೋರಿಸುವ ಚಿತ್ರ ಚೆನ್ನಾಗಿದೆ. ಎರಡು ಮೊಸಳೆ, ಎರಡು ತಲೆ, ಹೊಟ್ಟೆ ಮಾತ್ರ ಒಂದೇ. ಆದರೂ ತುತ್ತಿಗಾಗಿ ಕಚ್ಚಾಡುತ್ತವೆ. ಯಾವ ಬಾಯಿಂದ ಹೋದರೂ ಒಂದೇ ಹೊಟ್ಟೆಗೆ ಅಂತ ಗೊತ್ತಾದರೆ ಜಗಳ ನಿಲ್ಲುತ್ತದೆ ಅಂತ ಅವರ ನಂಬಿಕೆ.

ನೈಜೀರಿಯಾದ ಇಮ್ಯಾನುಯೆಲ್ ಎಜೆ ಇದನ್ನು ಒಪ್ಪಲಿಲ್ಲ. ನಾನೂ ಅವರ ಕಡೆ. ನಮ್ಮ ಪಂಚಾಯಿತಿ ಚುನಾವಣೆಯಲ್ಲಿ ಪಾರ್ಟಿ ಚಿಹ್ನೆ ಇಲ್ಲ, ಆದರೆ ಯಾರು ಯಾವ ಪಾರ್ಟಿ ಅಂತ ಚಹಾದಂಗಡಿಯ ಹುಡುಗನಿಗೂ ಗೊತ್ತು. 'ಅವಿರೋಧ ಆಯ್ಕೆ' ಅಂತ ಪೇಪರಿನಲ್ಲಿ ಬಂದಾಗ ಎಷ್ಟು ಸಲ ಅದು ಒಮ್ಮತ, ಎಷ್ಟು ಸಲ ಹೆದರಿಕೆ, ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಕಟ್ಟೆಯ ಮೇಲೆ ಕೂತವರು ಒಪ್ಪಿದರು ಸರಿ. ಕಟ್ಟೆ ಹತ್ತಲು ಬಿಡದವರು? ಅವರ ಹೊಟ್ಟೆಯೂ ಅದೇ ಮೊಸಳೆಯದ್ದಾ?

ನ್ಯಾಯಕ್ಕೆ ಹೇಳಬೇಕು, ವಿರೆಡು ತಮ್ಮ ಸಂಸ್ಕೃತಿಯನ್ನು ಸುಮ್ನೆ ಹೊಗಳಿದವರಲ್ಲ. ಹಿರಿಯರ ಮಾತೇ ಕೊನೆ ಅನ್ನುವುದನ್ನೂ, ಕಾಲ ಮೀರಿದ್ದನ್ನು ಹಿಡಿದುಕೊಂಡಿರುವುದನ್ನೂ ಖಾರವಾಗಿಯೇ ಬೈದಿದ್ದಾರೆ.

ವಿಜಯಪುರಕ್ಕೂ ಆಫ್ರಿಕಾಕ್ಕೂ ಏನಾದರೂ ಸಂಬಂಧ ಇದೆಯಾ?
ವಿಜಯಪುರ, ಗೋಳಗುಮ್ಮಟದ ಹತ್ತಿರ

ನೀವಿರುವ ಜಾಗದಲ್ಲೇ ಇದೆ. ಆ ಗುಮ್ಮಟದಲ್ಲಿ ಮಲಗಿರುವ ಮುಹಮ್ಮದ್ ಆದಿಲ್ ಶಾಹನ ದರ್ಬಾರಿನಲ್ಲಿ ದೊಡ್ಡ ಅಧಿಕಾರ ನಡೆಸಿದ ಇಖ್ಲಾಸ್ ಖಾನ್ ಹಬಶಿ, ಅಂದರೆ ಇಥಿಯೋಪಿಯಾ ಕಡೆಯ ಮೂಲದವನು. ಅದಕ್ಕೂ ಮುಂಚೆ ಎರಡನೇ ಇಬ್ರಾಹಿಂ ಚಿಕ್ಕವನಿದ್ದಾಗ ರಾಜ್ಯ ನೋಡಿಕೊಂಡವರಲ್ಲಿ ದಿಲಾವರ್ ಖಾನ್ ಇದ್ದ, ಅವನೂ ಹಬಶಿ. ಬಿಜಾಪುರದ ಚಿತ್ರಗಳಲ್ಲಿ ಸುಲ್ತಾನನ ಪಕ್ಕ ಕಪ್ಪು ಮೈಬಣ್ಣದ ಸರದಾರನನ್ನು ನೋಡಿದರೆ ಗೈಡ್‌ಗೆ ಹೆಸರು ಕೇಳಿ. ಗುಮ್ಮಟದ ಪಿಸುಮಾತು ಎಷ್ಟು ಸಲ ತಿರುಗಿ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಇದನ್ನು ಹೇಳುವವರು ಕಡಿಮೆ.

ನಾನು ಸಿದ್ದಿ ಸಮುದಾಯದವನು, ನಮ್ಮ ಮೂಲ ಆಫ್ರಿಕಾ. ಸಂಶೋಧನೆ ಅಂತ ಬರುತ್ತಾರೆ, ನಮ್ಮ ಡಮಾಮಿ ಡೋಲು ಬಾರಿಸಿ ಅನ್ನುತ್ತಾರೆ, ವಿಡಿಯೋ ಮಾಡಿಕೊಂಡು ಹೋಗುತ್ತಾರೆ. ಆಮೇಲೆ ಯಾರೂ ಬರೋದಿಲ್ಲ. ನೀವು ಹೇಳುವ ವಿದ್ವಾಂಸರೂ ಹೀಗೇನಾ?
ಖಾನಾಪುರ ತಾಲ್ಲೂಕು

ಅಣ್ಣಾ, ಈ ಪ್ರಶ್ನೆಗೆ ಒಂದು ಪತ್ರಿಕೆ ಸಾಲದು.

ಹೌದು, ಅಂಥವರು ಇದ್ದರು. ಹೌಂಟೊಂಜಿ ಇದನ್ನೇ ಹಿಡಿದು ದೊಡ್ಡದಾಗಿ ಬರೆದರು. ಅವರ ಜೀವನವನ್ನೂ ಸ್ವಲ್ಪ ಹೇಳುತ್ತೇನೆ. 1942ರಲ್ಲಿ ಹುಟ್ಟಿದವರು, ಪ್ಯಾರಿಸ್‌ನಲ್ಲಿ ಹುಸರ್ಲ್ ಎಂಬ ಜರ್ಮನ್ ತತ್ವಜ್ಞಾನಿಯ ಮೇಲೆ ಡಾಕ್ಟರೇಟ್, ಆಮೇಲೆ ಬೆನಿನ್‌ನಲ್ಲಿ ಮೇಷ್ಟ್ರು. 1990ರಲ್ಲಿ ಆ ದೇಶ ಸರ್ವಾಧಿಕಾರದಿಂದ ಹೊರಗೆ ಬಂದಾಗ ಶಿಕ್ಷಣ ಮಂತ್ರಿ, ಆಮೇಲೆ ಸಂಸ್ಕೃತಿ ಮಂತ್ರಿ. ಸ್ವಲ್ಪ ವರ್ಷಕ್ಕೆ ಬಿಟ್ಟು ಮತ್ತೆ ಪಾಠಕ್ಕೆ ಬಂದರು. 2024ರಲ್ಲಿ ತೀರಿಕೊಂಡರು. ಅವರು ಹೇಳಿದ್ದು: ನಮ್ಮ ನೆಲದಿಂದ ಕಚ್ಚಾ ಮಾಲು ಹೋಗುತ್ತದೆ, ಹೊರಗೆ ಬಟ್ಟೆಯಾಗಿ ನಮಗೇ ಮಾರಾಟಕ್ಕೆ ಬರುತ್ತದೆ. ಜ್ಞಾನದಲ್ಲೂ ಹಾಗೇ. ಮಾಹಿತಿ ಇಲ್ಲಿಯದು, ಸಿದ್ಧಾಂತ ಅಲ್ಲಿಯದು. ನಮ್ಮ ವಿದ್ವಾಂಸರೂ ಹೊರಗಿನವರು ಓದಲಿ ಅಂತಲೇ ಬರೆಯುತ್ತಾರೆ. ಇಳಕಲ್, ರಬಕವಿ ಬನಹಟ್ಟಿಯ ನೇಕಾರರಿಗೆ 'ಹತ್ತಿ ನಿಮ್ಮದು, ಬಟ್ಟೆ ಅವರದು' ಅಂದರೆ ಬೇರೆ ವಿವರಣೆ ಬೇಕಾಗಿಲ್ಲ.

ನಿಮ್ಮಲ್ಲಿ ಸತ್ತ ಹಿರಿಯರನ್ನು ನೆನೆಯುವ ಹಿರಿಯಾರು ಪೂಜೆ ಇದೆಯಲ್ಲ. ಕೀನ್ಯಾದ ಜಾನ್ ಎಂಬಿಟಿ 1969ರ ಪುಸ್ತಕದಲ್ಲಿ 'ಬದುಕಿರುವ ಸತ್ತವರು' ಅಂತ ಒಂದು ಮಾತು ತಂದರು. ಸತ್ತವನನ್ನು ಹೆಸರು ಹಿಡಿದು ನೆನೆಯುವ ಒಬ್ಬರಾದರೂ ಇರುವ ತನಕ ಆತ ಪೂರ್ತಿ ಸತ್ತಿಲ್ಲ. ಆ ಕೊನೆಯವರೂ ಹೋದ ಮೇಲೆ ಅವನು 'ಝಮಾನಿ' ಎಂಬ ಆಳದ ಕಾಲಕ್ಕೆ ಇಳಿಯುತ್ತಾನೆ. ಆಫ್ರಿಕಾದವರಿಗೆ ದೂರದ ಭವಿಷ್ಯದ ಕಲ್ಪನೆಯೇ ಇಲ್ಲ ಅಂತಲೂ ಬರೆದು ತುಂಬಾ ಬೈಸಿಕೊಂಡರು, ಅದು ಬೇರೆ. ನಾನು ಮಾತ್ರ ಅದನ್ನು ಓದಿ ನಮ್ಮ ಮಹಾನವಮಿ ಅಮಾವಾಸ್ಯೆಯ ಎಡೆ ನೆನೆಸಿಕೊಂಡೆ, ನಿಮ್ಮ ಹಿರಿಯಾರನ್ನೂ. ಆದರೆ ಇದು ಆಫ್ರಿಕಾದಿಂದಲೇ ಬಂತು ಅಂತ ಓಡಿ ಹೋಗಿ ಬರೆಯಬಾರದು. ಎಡೆ ಇಡುವುದು ನಿಮ್ಮ ಸುತ್ತಲಿನ ಕನ್ನಡ ಮನೆಗಳಲ್ಲೂ ಇದೆ, ಕೊಂಕಣಿ ಮನೆಗಳಲ್ಲೂ ಇದೆ. ಯಾರದ್ದು ಯಾರಿಂದ ಅನ್ನುವುದನ್ನು ನಿಮ್ಮಲ್ಲೇ ಒಬ್ಬರು ಓದಿ, ನಿಮ್ಮ ಅಜ್ಜಿಯನ್ನು ಕೇಳಿ ಬರೆದರೆ ಚೆನ್ನ. ಅಲ್ಲಿಯ ತನಕ, ಮುಂದಿನ ಸಲ ವಿಡಿಯೋದವರು ಬಂದರೆ ಒಂದು ಕಾಪಿ ಕೊಟ್ಟು ಹೋಗಿ ಅನ್ನಿ. ಬಾರಿಸುವ ಮುಂಚೆಯೇ ಅನ್ನಿ.

ದುಡ್ಡಿನ ಮಾತು ಹೇಳಿ ಸರ್. ಕೆಲಸ ಸಿಗುತ್ತದಾ?
ಗೋಕಾಕ

ಸುಳ್ಳು ಹೇಳೋದಿಲ್ಲ. 'ಆಫ್ರಿಕಾದ ತತ್ವಶಾಸ್ತ್ರಕ್ಕೆ ಪ್ರಾಧ್ಯಾಪಕರು ಬೇಕಾಗಿದ್ದಾರೆ' ಅನ್ನುವ ಜಾಹೀರಾತು ನಮ್ಮ ಕಡೆ ನಾನು ನೋಡಿಲ್ಲ. ದಾರಿ ಸುತ್ತು ಬಳಸು. ತತ್ವಶಾಸ್ತ್ರದಲ್ಲಿ ಎಂ.ಎ., ಧಾರವಾಡದಲ್ಲಿ ವಿಭಾಗ ಇದೆ, ಮನೆಯಲ್ಲೇ ಕೂತು ಇಗ್ನೋದಲ್ಲೂ ಮಾಡಬಹುದು. ಆಮೇಲೆ ನೆಟ್ ಪರೀಕ್ಷೆ. ಅದರಲ್ಲಿ ಜೆ.ಆರ್.ಎಫ್. ಎಂಬ ಸಂಶೋಧನಾ ವೇತನ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ, 2023ರಿಂದ ಈ ದರ. ದೆಹಲಿ ವಿಶ್ವವಿದ್ಯಾಲಯದಲ್ಲಿ ಆಫ್ರಿಕಾ ಅಧ್ಯಯನ ವಿಭಾಗ 1955ರಿಂದ ಇದೆ, ಮುಂಬೈ ವಿಶ್ವವಿದ್ಯಾಲಯದಲ್ಲಿ 1971ರಿಂದ ಕೇಂದ್ರ ಇದೆ, ಜೆ.ಎನ್.ಯು.ದಲ್ಲೂ ಇದೆ. ಅಲ್ಲಿ ಇತಿಹಾಸ, ರಾಜಕೀಯ, ವ್ಯಾಪಾರ ಜಾಸ್ತಿ, ತತ್ವಶಾಸ್ತ್ರ ಕಡಿಮೆ. ಸ್ವಾಹಿಲಿ ಅಥವಾ ಫ್ರೆಂಚ್ ಒಂದನ್ನು ಕಲಿಯಲೇಬೇಕು. ಫ್ರೆಂಚ್ ಬಂದರೆ ತತ್ವಶಾಸ್ತ್ರ ಕೈಕೊಟ್ಟರೂ ಹೊಟ್ಟೆಗೆ ಮೋಸ ಇಲ್ಲ.

ಲೈಬ್ರರಿ ಬಗ್ಗೆ ಒಂದು ಎಚ್ಚರಿಕೆ. ನಾನು ಒಮ್ಮೆ ಒಂದು ಕಾಲೇಜಿನಲ್ಲಿ ಆಫ್ರಿಕಾದ ಪುಸ್ತಕ ಎಲ್ಲಿವೆ ಅಂತ ಕೇಳಿದಾಗ ಕಾಡುಪ್ರಾಣಿಗಳ ಕಪಾಟಿಗೆ ಕರೆದುಕೊಂಡು ಹೋದರು. ಪಾಪ, ತಮಾಷೆಗೆ ಅಲ್ಲ.

ಇಷ್ಟೆಲ್ಲ ಹೇಳುತ್ತೀರಿ, ನೀವೇ ಯಾಕೆ ಮಾಡಲಿಲ್ಲ?
ಮುಧೋಳ

ಮಾಡಿದ್ದೆ, ಒಂದೂವರೆ ಗಂಟೆ.

1994ರಲ್ಲಿ ಒರುಕಾ ಅವರ ಬಗ್ಗೆ ಒಂದು ಲೇಖನ ಓದಿ ತಲೆ ತಿರುಗಿ, ತೊಂಬತ್ತು ನಿಮಿಷದ ಒಂದು ಖಾಲಿ ಕ್ಯಾಸೆಟ್ ಕೊಂಡು ಇಂಡಿ ತಾಲ್ಲೂಕಿನಲ್ಲಿದ್ದ ಸೋದರತ್ತೆಯ ಮನೆಗೆ ಹೋದೆ. ಶಾಲೆಯ ಮುಖ ನೋಡದ ಹೆಂಗಸು, ಊರಿನಲ್ಲಿ ಯಾರ ಜಗಳವಿದ್ದರೂ ಕೊನೆಗೆ ಅವರ ಪಡಸಾಲೆಗೇ ಬರುತ್ತಿತ್ತು. ನಾನು ಹಣೆಬರಹದ ಬಗ್ಗೆ ಕೇಳಿದೆ. ಜೋಳ ಹಸನು ಮಾಡುತ್ತಾ ಕೂತಿದ್ದವರು ಮೊರ ಕೆಳಗಿಟ್ಟು "ಹಣಿಬರಾ ಬರದಾವಗ ಅಕ್ಷರ ಕಲಿಸಿದವರು ಯಾರಪಾ?" ಅಂದರು. ನಾನು ಆಗಿನ್ನೂ ಹೊಸ ಮೇಷ್ಟ್ರು, ತಮಾಷೆ ಅಂದುಕೊಂಡು ನಕ್ಕೆ. ಅವರು ನಗಲಿಲ್ಲ. ಒಂದು ತಾಸು ಅದನ್ನೇ ಹಿಂಜಿದರು. ಬರೆದವನೂ ಕಲಿತೇ ಬರೆದನಾ, ಕಲಿಯುವಾಗ ತಪ್ಪು ಬರೆದದ್ದು ಯಾರ ಹಣೆಗೆ ಹೋಯಿತು, ಹೀಗೆ. ಉಳಿದದ್ದು ನನಗೆ ಸರಿಯಾಗಿ ನೆನಪಿಲ್ಲ. ಟೇಪ್ ಇದೆಯಲ್ಲ ಅಂತ ಬರೆದುಕೊಳ್ಳಲೂ ಇಲ್ಲ.

ಮುಂದಿನ ಬೇಸಿಗೆಯಲ್ಲಿ ಮನೆಯ ಹುಡುಗರು ಒಂದು ಮದುವೆಯಲ್ಲಿ ಅದೇ ಕ್ಯಾಸೆಟ್ ಹಾಕಿದರು. ಈಗಲೂ ನನ್ನ ಹತ್ತಿರ ಇದೆ. ಮೊದಲು ನನ್ನ ಪ್ರಶ್ನೆ, ಅತ್ತೆಯ ಕೆಮ್ಮು, ಮೊರ ನೆಲಕ್ಕಿಟ್ಟ ಸದ್ದು. ಆಮೇಲೆ ಬ್ಯಾಂಡು. ಅತ್ತೆ 1996ರಲ್ಲಿ ಹೋದರು. ಕ್ಯಾಸೆಟ್ಟಿನ ಹಿಂಬದಿಯಲ್ಲಿರುವ ಚಿಕ್ಕ ಪ್ಲಾಸ್ಟಿಕ್ ಚೂರು ಮುರಿದುಬಿಟ್ಟರೆ ಅದರ ಮೇಲೆ ಮತ್ತೆ ರೆಕಾರ್ಡ್ ಆಗುವುದಿಲ್ಲ ಅನ್ನುವುದು ನನಗೆ ಗೊತ್ತಾದದ್ದು ಅದಾದ ಮೇಲೆ.